ಕಡೇ ದಿನದ ಹನಿ

“ಕಸ್ತೂರಕ್ಕಾರ, ಇವತ್ತಿಂದು ಕಡೀ ದಿನದ ಹನಿ. ಹೊರಗ ಕುಂದರ್ತೀರೇನು?” ಮೇಕಪ್ಪಿನ ಹುಸೇನಸಾಬ ಕೇಳಿದ.

“ಇಲ್ಲೋ ಯಪ್ಪಾ. ನಮ್ಮನಿಯವ್ರು ಬಾವಿಗೆ ಹಾರಿದ್ರೋ, ಕಾಲು ಜಾರಿತೋ, ಇವತ್ತರ ಗೊತ್ತಾಗ್ಲಿ.”

ಸತ್ತವರ ಜೀವನಚಿತ್ರ ತೆಗೆಯುವಾಗ ಅವರದೇ ನೆನಪಿನ ಹನಿಯನ್ನು ನಟನ ಕಣ್ಣಿಗೆ ಬಿಡುವುದು ಈಗಿನ ರೂಢಿ. ಒಂದು ಹನಿಗೆ ಒಂದು ದಿನದ ನೆನಪು, ಸಂಜೆಗೆ ಇಳಿದುಹೋಗುತ್ತದೆ. ಆಗಾಗ ಮಂಕು ಕವಿಯುತ್ತಿದ್ದ ಚಿತ್ರಕಾರ ಗುರುಪಾದಪ್ಪ, ಹೆಂಡತಿಯ ಚಿತ್ರಕ್ಕೆ ಮಸಿ ಬಳಿದು ಬಾವಿಗೆ ಹಾರಿದನೆಂದು ಊರು ಆಡಿಕೊಂಡಿತ್ತು. ನಿರ್ದೇಶಕನೂ ಹಾಗೇ ಬರೆದಿದ್ದ.

ಹನಿ ಬಿದ್ದೊಡನೆ ನಟ ಗುರುಪಾದಪ್ಪನಂತೆಯೇ ಕುಂಚವನ್ನು ಎಡಗೈಗೆ ಬದಲಿಸಿದ. ಚಿತ್ರದ ಮುಖಕ್ಕೆ ಸರಸರನೆ ಕಪ್ಪು ಬಳಿದ. ಕಸ್ತೂರಿ ಎದ್ದು ಕ್ಯಾಮೆರಾದ ಮುಂದೆಯೇ ಅವನ ಹತ್ತಿರ ಹೋದಳು.

“ಯಾಕ್ರೀ, ನನ್ನ ಮುಖಾ ಅಷ್ಟು ಬ್ಯಾಸರಾತೇನು?”

ಅವನು ಗಂಡ ನೋಡುತ್ತಿದ್ದ ಹಾಗೆಯೇ ಓರೆಯಾಗಿ ನೋಡಿದ. “ಹುಚ್ಚಿ, ಮೂಗು ಸೊಟ್ಟ ಆಗಿತ್ತು. ನಾಳೆ ಮತ್ತ ಕುಂದರು, ಹೊಸದು ಬರೀತೀನಿ. ಬಾವ್ಯಾಗ ಕೈ ತೊಳಕೊಂಡು ಬಂದೆ ತಡಿ.”

ಅವಳು ತೋಳು ಹಿಡಿದು ಜಗ್ಗಿದಳು. “ಬ್ಯಾಡ್ರೀ, ಮೆಟ್ಲಿಗೆ ಪಾಚಿ ಕಟ್ಟೇತಿ!”

“ಮತ್ತ ಈ ಮಸಿ?”

“ನಾ ತರ್ತೀನಿ ನೀರು.”

ತಂಬಿಗೆ ತಂದು ಅವನ ಕೈಮೇಲೆ ಸುರಿದಳು. ಕಪ್ಪು ನೀರು ಕ್ಯಾಮೆರಾದ ಕಾಲಿನವರೆಗೂ ಹರಿಯಿತು. ನಿರ್ದೇಶಕ ಕಟ್ ಅನ್ನಲಿಲ್ಲ.