ನಲವತ್ತು ಮೈಕ್ರೋಗ್ರಾಂ

"ಮುಟ್ಟಲ್ಲಮ್ಮ, ನಿನ್ನಾಣೆ, ಬರೀ ನೋಡ್ತೀನಿ" ಎಂದು ಮಗಳು ಎರಡು ವರ್ಷದ ಹಿಂದೆ ನನಗೆ ಮಾತು ಕೊಟ್ಟಿದ್ದಳು. ಅಂದು ಶಾಲೆಗೆ ರಜೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಅವಳನ್ನು ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಕರೆತಂದಿದ್ದೆ. ನಮ್ಮ ತಕ್ಕಡಿಗಳನ್ನೆಲ್ಲ ಒರೆಗೆ ಹಚ್ಚುವ ಇಪ್ಪತ್ತು ಗ್ರಾಮಿನ ತೂಕದ ಬಟ್ಟು ಅವಳ ಕಣ್ಣಿಗೆ ಬಿದ್ದಿತ್ತು. ಅದನ್ನು ಇಕ್ಕಳದಲ್ಲೇ ಎತ್ತಬೇಕು, ಬರಿಗೈ ತಾಗಿಸುವಂತಿಲ್ಲ; ಬೆರಳಿನ ಜಿಡ್ಡು ಅಂಟಿದರೂ ತೂಕ ಹೆಚ್ಚುತ್ತದೆ.

ಇವತ್ತು ಆ ಬಟ್ಟು ದೊಡ್ಡ ಪ್ರಯೋಗಾಲಯದಲ್ಲಿ ಎರಡು ವರ್ಷಕ್ಕೊಮ್ಮೆಯ ತಪಾಸಣೆಯಾಗಿ ವಾಪಸು ಬಂತು. ಹೋದ ತಿಂಗಳಷ್ಟೇ ವರ್ಗವಾಗಿ ಬಂದ ಸಾಹೇಬರು ಪ್ರಮಾಣಪತ್ರ ಹಿಡಿದು ನನ್ನ ಮೇಜಿನ ಹತ್ತಿರ ಬಂದರು.

"ಮೇಡಂ, ನಲವತ್ತು ಮೈಕ್ರೋಗ್ರಾಂ ತೂಕ ಜಾಸ್ತಿಯಾಗಿದೆ. ಯಾರೋ ಬರಿಗೈಲಿ ಮುಟ್ಟಿದಾರೆ."

"ಅಳತೆಯ ಅನಿಶ್ಚಿತತೆ ಅಂತ ಇರುತ್ತಲ್ಲ ಸರ್. ಅದರೊಳಗೇ ಇರಬಹುದು."

"ಅದು ಇಪ್ಪತ್ತೈದೇ. ಇದು ಅದನ್ನೂ ದಾಟಿದೆ. ಮುಟ್ಟಿರೋದಂತೂ ಖಚಿತ. ಯಾರು ಅಂತ ಜಾಡು ಹಿಡಿಯೋಕೆ ಈಗ ಆಗಲ್ಲ, ಬಿಡಿ. ಸ್ಪಿರಿಟ್ ಹಾಕಿ ಒರೆಸಿಬಿಡಿ, ಇನ್ನೊಂದ್ಸಲ ಕಳಿಸೋಣ."

"ಇವತ್ತೇ ಒರೆಸ್ಬೇಕಾ ಸರ್?"

"ಇನ್ನೇನು, ಇಟ್ಕೊಂಡು ಪೂಜೆ ಮಾಡ್ತೀರಾ?" ಎಂದು ನಕ್ಕು ಹೋದರು.

ಬಟ್ಟನ್ನು ಭೂತಗನ್ನಡಿಯ ಕೆಳಗಿಟ್ಟೆ. ಹೊಳೆಯುವ ಮೈಮೇಲೆ ಒಂದು ಹೆಬ್ಬೆರಳಿನ ಗುರುತಿತ್ತು. ನನ್ನದರ ಅರ್ಧದಷ್ಟೂ ಇರಲಿಲ್ಲ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ ನನ್ನ ಕೈಯಲ್ಲೇ ಆರಿತು. ಮತ್ತೆ ಅದ್ದಿಕೊಂಡೆ, ಮತ್ತೆ ಆರಿತು.

ಎಂಟು ತಿಂಗಳ ಹಿಂದೆ ತೀರಿಕೊಂಡ ನನ್ನ ಮಗಳು ಕೊಟ್ಟ ಮಾತಿಗೆ ತಪ್ಪಿದ್ದಳು.