ಹನ್ನೊಂದು ಮುಳುಗು

ಕಾಶಿಗೆ ಹೋದ ಮೇಷ್ಟ್ರು ಯಾರ ಮಾತಿಗೂ ಮರುಳಾಗಲಿಲ್ಲ. ಗೈಡನ್ನು ಗದರಿದರು, ದೋಣಿಯವನನ್ನು ಅಟ್ಟಿದರು, ಕುಂಕುಮ ಹಚ್ಚಲು ಬಂದವನಿಗೆ ಹಣೆಯನ್ನೇ ಕೊಡಲಿಲ್ಲ. "ಈ ಚೀಲ ಎಲ್ಲಿಡೋದಪ್ಪಾ" ಎಂದು ಗೊಣಗುತ್ತ ಗಂಗೆಯ ಮೆಟ್ಟಿಲಲ್ಲಿ ನಿಂತಿದ್ದಾಗ ಪಕ್ಕದಲ್ಲಿದ್ದವನೊಬ್ಬ ಬೆರಗಾಗಿ ತಿರುಗಿದ.

"ಸಾರ್, ಕನ್ನಡದವರಾ? ಹುಷಾರು, ಇಲ್ಲಿ ಬರೀ ಕಳ್ಳರು!"

ಮೇಷ್ಟ್ರ ಕಣ್ಣು ತುಂಬಿತು. "ದೇವರು ಬಂದ ಹಾಗೆ ಬಂದೆಯಪ್ಪ. ಇದನ್ನ ಹಿಡ್ಕೊಂಡಿರು, ಮೂರು ಮುಳುಗು ಹಾಕಿ ಬರ್ತೀನಿ."

"ಅಷ್ಟು ದೂರದಿಂದ ಬಂದಿದ್ದೀರಿ, ನಿಧಾನವಾಗಿ ಹನ್ನೊಂದು ಹಾಕಿ ಸಾರ್."

ಹನ್ನೊಂದು ಮುಗಿಸಿ ಎದ್ದರೆ ಅವನೂ ಇಲ್ಲ, ಚೀಲವೂ ಇಲ್ಲ. ಮೇಷ್ಟ್ರು ಒದ್ದೆ ಪಂಚೆಯಲ್ಲೇ ಪೊಲೀಸ್ ಚೌಕಿಗೆ ಓಡಿದರು.

"ನಿಮ್ಮ ಹತ್ತಿರ ಯಾವ ಭಾಷೆ ಮಾತಾಡಿದ?" ಎಂದ ಪೇದೆ.

"ಕನ್ನಡ! ಅಚ್ಚ ಮೈಸೂರು ಕನ್ನಡ!"

ಒದ್ದೆ ಬಟ್ಟೆಯಲ್ಲಿ ನಡುಗುತ್ತ ಇಬ್ಬರು ಕೂತಿದ್ದ ಬೆಂಚನ್ನು ಪೇದೆ ತೋರಿಸಿದ. "ಕೂತ್ಕೊಳ್ಳಿ. ಇವರ ಹತ್ತಿರ ತೆಲುಗು, ಅವರ ಹತ್ತಿರ ತಮಿಳು."