ಬಚ್ಚಲೊಲೆಯ ಗೆಣಸು

“ಯಾರದು ಈ ಕೆಲಸ?”

ಪ್ರಭಾವತಿಯಮ್ಮನ ಕೂಗಿಗೆ ಹಟ್ಟಿಯ ದನ ಕೂಡ ಮೇವು ಬಿಟ್ಟು ತಲೆಯೆತ್ತಿತು.

ಬಚ್ಚಲೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಅವರ ಕೈಯಲ್ಲಿ ಒಂದು ಮಣ್ಣಿನ ಕಾವಲಿ. ಅದರಲ್ಲಿ ಬಾಡಿ ಕಪ್ಪಾದ ಬಾಳೆಲೆ, ತೆಂಗಿನೆಣ್ಣೆಯ ಜಿಡ್ಡು, ಅಂಚಿಗೆ ಅಂಟಿಕೊಂಡ ಉಗುರಿನಷ್ಟು ಗೆಣಸು. ಬೇರೇನೂ ಇಲ್ಲ. ಎಲೆಯನ್ನು ಎತ್ತಿ ಅಡಿಯಲ್ಲೂ ನೋಡಿದರು. ಸಿಟ್ಟು ನೆತ್ತಿಗೇರಿತು.

ಪುತ್ತಿಗೆಯ ಜೈನರ ಮನೆ ಅದು. ನೆಲದಡಿ ಬೆಳೆಯುವ ಯಾವುದೂ ಹೊಸ್ತಿಲು ದಾಟುವ ಹಾಗಿಲ್ಲ. ಒಂದು ಗೆಡ್ಡೆ ಕಿತ್ತರೆ ಎಷ್ಟು ಜೀವ ಸಾಯುತ್ತದೆಂದು ಬಸದಿಯಲ್ಲಿ ಹೆಂಗಸರಿಗೆ ಬಿಡಿಸಿ ಹೇಳುವವರೇ ಪ್ರಭಾವತಿಯಮ್ಮ. ಆಚಾರವನ್ನು ಆ ಮನೆ ನೋಡಿ ಕಲಿಯಬೇಕೆಂದು ಮೂಡಬಿದ್ರೆಯವರೆಗೂ ಮಾತು.

ಐವತ್ತೆಂಟನೇ ಇಸವಿಯ ಕಾರ್ತಿಕ. ದಿನಕ್ಕೆ ಒಂದೇ ಹೊತ್ತು ಉಂಡು ಮಾಡುವ ಎಂಟು ದಿನದ ನೋಂಪಿ ಅಂದಿಗೆ ಮುಗಿಯುತ್ತಿತ್ತು. ನಾಳೆ ವ್ರತ ಬಿಡುವ ಪಾರಣೆಯ ಊಟಕ್ಕೆ ಬಸದಿಯ ಹೆಂಗಸರೆಲ್ಲ ಇದೇ ಮನೆಗೆ ಬರುವವರು. ಪ್ರಭಾವತಿಯಮ್ಮ ಮೂವತ್ತು ವರ್ಷ ಕಾದ ಗೌರವ ಅದು. ಗೆಣಸಿನ ಸುದ್ದಿ ಹೊರಗೆ ಬಿದ್ದರೆ ಒಬ್ಬಳೂ ಇಲ್ಲಿ ನೀರು ಮುಟ್ಟಲಾರಳು.

ಕೆಲಸವೇನೋ ಅಚ್ಚುಕಟ್ಟು. ಗೆಣಸನ್ನು ಬೆರಳುದ್ದಕ್ಕೆ ಸೀಳಿ, ಎಣ್ಣೆ, ಉಪ್ಪು, ಚಿಟಿಕೆ ಕಾಳುಮೆಣಸಿನ ಪುಡಿ ಸವರಿ, ಒಂದಕ್ಕೊಂದು ತಾಗದಂತೆ ಎಲೆಯ ಮೇಲೆ ಹರಡಿ, ಕಾವಲಿಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸಿದ್ದು. ಅಂಚು ಗರಿಗರಿ, ಒಳಗೆ ಬೆಣ್ಣೆ. ಹಾಗೆ ಬೇಯಿಸುವುದಕ್ಕೆ ತಾಳ್ಮೆ ಬೇಕು. ಕದ್ದು ತಿನ್ನುವುದಕ್ಕೆ ಏನು ಬೇಕು? ನಾಚಿಕೆ ಬಿಟ್ಟರೆ ಸಾಕು.

ಮೊದಲು ಸಿಕ್ಕಿದ್ದು ಹಟ್ಟಿ ಕೆಲಸದ ಕಾಂತಿ. ಅವಳ ಗದ್ದೆಯ ಬದಿಗೆಲ್ಲ ಗೆಣಸಿನ ಬಳ್ಳಿ.

“ನಿನ್ನ ಗೆಣಸು ಈ ಮನೆಗೆ ಬಂದದ್ದು ಯಾರಿಗೆಲ್ಲ ಗೊತ್ತುಂಟು?”

ಕಾಂತಿ ಸೆಗಣಿ ಬುಟ್ಟಿ ಕೆಳಗಿಟ್ಟಳು. “ನಾನು ಯಾರ ಹತ್ರವೂ ಹೇಳ್ಲಿಲ್ಲ ಅಮ್ಮ. ದೇವರಾಣೆ.”

“ನೀನು ಮುಟ್ಟಿದೆಯಾ?”

“ನಮ್ಮಲ್ಲಿ ಬೇಕಾದಷ್ಟು ಉಂಟಲ್ಲ ಅಮ್ಮ. ನಾನ್ಯಾಕೆ ಮುಟ್ಲಿ?”

ಅದೂ ನಿಜವೇ. ಬಾಯಿ ಬಿಟ್ಟರೆ ಜಾಗ್ರತೆ ಎಂದು ಗದರಿಸಿ ಪ್ರಭಾವತಿಯಮ್ಮ ಒಳಗೆ ನುಗ್ಗಿದರು. ಮಗ ವರ್ಧಮಾನ ಬೆಳಿಗ್ಗೆಯೇ ಮೂಡಬಿದ್ರೆಯ ಜವಳಿ ಅಂಗಡಿಗೆ ಹೋಗಿಯಾಗಿತ್ತು. ಉಳಿದವಳು ಸೊಸೆ ಪದ್ಮಲತಾ. ಬಂಟ್ವಾಳದ ಹುಡುಗಿ, ಮದುವೆಯಾಗಿ ಐದು ತಿಂಗಳು.

“ಈ ಕಡೆ ತಿರುಗು.”

ತಿರುಗಿದಳು. ತುಟಿಯ ಮೇಲೆ ಎಣ್ಣೆ ಮಿನುಗುತ್ತಿತ್ತು. ಪ್ರಭಾವತಿಯಮ್ಮ ಬಾಯಿ ತೆರೆಯುವಷ್ಟರಲ್ಲಿ ಜಗಲಿಯಿಂದ ಇನ್ನೊಂದು ಧ್ವನಿ ಬಂತು.

“ಪ್ರಭಾವತಿಯಕ್ಕ, ಎಂಥ ಪರಿಮಳ ಇದು? ಗೆಣಸಲ್ವಾ?”

ನಾಳೆಯ ಏರ್ಪಾಟು ಮಾತಾಡಲು ಬಂದ ಶಶಿಪ್ರಭಾ. ಬಸದಿಯ ಹೆಂಗಸರಲ್ಲಿ ಅವಳ ಮಾತೇ ಮಾತು. ಅವಳಿಗೆ ಗೆಣಸಿನ ಪರಿಮಳ ಹೇಗೆ ಗೊತ್ತು ಎಂದು ಕೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

ಪದ್ಮಲತಾ ಅತ್ತೇಬಿಟ್ಟಳು. “ನಾನೇ ತಿಂದದ್ದು. ಕಾಂತಿ ಅವಳಿಗೇಂತ ಬೇಯಿಸಿದ್ದು ಅಂದುಕೊಂಡೆ. ತಡೀಲಿಕ್ಕೆ ಆಗ್ಲಿಲ್ಲ.”

“ಜೈನರ ಮನೆಯ ಹುಡುಗಿ! ಅದೂ ನೋಂಪಿಯ ದಿನ!” ಶಶಿಪ್ರಭಾ ಸೆರಗನ್ನು ಮೂಗಿಗೆ ಒತ್ತಿಕೊಂಡಳು. “ಇವಳು ಇಲ್ಲಿದ್ದರೆ ನಾಳೆ ನಾವು ಯಾರೂ ಬರುವುದಿಲ್ಲ ಅಕ್ಕ. ತವರಿಗೆ ಕಳಿಸಿ. ಮತ್ತೆ ನೋಡುವ.”

“ಕಳಿಸ್ತೇನೆ,” ಎಂದರು ಪ್ರಭಾವತಿಯಮ್ಮ. “ಮೂರು ಗಂಟೆಯ ಬಸ್ಸಿಗೇ ಕಳಿಸ್ತೇನೆ.”

ಎರಡೂವರೆಗೆ ಪದ್ಮಲತಾ ತಗಡಿನ ಪೆಟ್ಟಿಗೆ ಹಿಡಿದು ಜಗಲಿಗೆ ಬಂದಳು. ಗಂಡನ ಮುಖ ನೋಡುವುದಕ್ಕೂ ಬಿಡುವಿಲ್ಲ. ಇಂಥ ಅಪವಾದ ಹೊತ್ತು ಹೋದವಳನ್ನು ಮತ್ತೆ ಕರೆದುಕೊಂಡು ಬರುವವರು ಯಾರು? ಅವಳಿಗೂ ಅದು ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಕಾಲಿಗೆರಗಲು ಬಗ್ಗಿದಳು. ಪ್ರಭಾವತಿಯಮ್ಮ ಕಾಲು ಹಿಂದಕ್ಕೆಳೆದುಕೊಂಡರು.

“ಎಲ್ಲ ತಿಂದೆಯಾ?”

“ಎಲ್ಲ.”

“ಒಂದೂ ಬಿಡದೆ?”

“ಹೂಂ, ಅತ್ತೆ.”

ಪ್ರಭಾವತಿಯಮ್ಮ ಹಲ್ಲು ಕಚ್ಚಿದರು. ಬೀದಿಯ ಕಡೆ ನೋಡಿದರು. ಸೊಸೆಯ ಬಾಡಿದ ಮುಖ ನೋಡಿದರು. ಆಮೇಲೆ ಪೆಟ್ಟಿಗೆಯನ್ನು ಅವಳ ಕೈಯಿಂದ ಕಿತ್ತುಕೊಂಡು ದಡಾರನೆ ಒಳಗೆ ಎಸೆದರು.

“ನೀನು ಎಲ್ಲಿಗೂ ಹೋಗ್ಬೇಡ. ಪಾರಣೆ ಶಶಿಪ್ರಭಾಳ ಮನೆಯಲ್ಲೇ ಆಗ್ಲಿ. ಕಾಂತಿಯ ಹತ್ರ ಹೇಳಿ ಕಳಿಸ್ತೇನೆ.”

ಪದ್ಮಲತಾ ಕಕ್ಕಾಬಿಕ್ಕಿಯಾದಳು. “ಯಾಕೆ ಅತ್ತೆ? ನಿಮ್ಮ ಮೂವತ್ತು ವರ್ಷದ ಆಸೆ... ತಪ್ಪು ಮಾಡಿದವಳು ನಾನಲ್ವಾ?”

“ತಪ್ಪೇ, ದೊಡ್ಡ ತಪ್ಪೇ!” ಪ್ರಭಾವತಿಯಮ್ಮ ಸಿಡಿದರು. “ನಿಮ್ಮೆಲ್ಲರ ಕಣ್ಣು ತಪ್ಪಿಸಿ ಹದಿನಾರು ತುಂಡು ಸೀಳಿ ಬೇಯಿಸಿಟ್ಟಿದ್ದೆ ಮಾರಾಯ್ತಿ, ನನಗೆ ಒಂದಾದರೂ ಇಡಬಾರದಿತ್ತಾ?”